ಮೂರನೆಯ ಬಾರ್ಜು

ಹಗ್ಗ ಹಿಡಿದುಕೊಂಡೇ ದಿವಾಕರ ಮೂರನೆಯ ಬಾರ್ಜಿನ ಹೊಟ್ಟೆಯೊಳಗೆ ಇಳಿದ. ಹಗ್ಗದ ತುದಿಯಲ್ಲಿ ಗಾಳಿಯ ಸಿಲಿಂಡರ್ ಇತ್ತು. ಶ್ರೀಪಾದ ಇರಲಿಲ್ಲ.

ಖಂಭಾತ್ ಕೊಲ್ಲಿಯ ನೀರು ಬರೀ ರಾಡಿ. ಅಲ್ಲಿ ಕೈಯೇ ಕಣ್ಣು. ಹೊಸ ವಿದ್ಯುತ್ ಸ್ಥಾವರ ನೀರೆಳೆಯುವ ಬಾಯಿಯ ಮುಂದೆ, ಅಲೆ ತಡೆಯಲೆಂದು, ಹಳೆಯ ಬಾರ್ಜುಗಳಿಗೆ, ಆ ಚಪ್ಪಟೆ ಸರಕು ದೋಣಿಗಳಿಗೆ, ಕಲ್ಲು ತುಂಬಿ ಮುಳುಗಿಸಿದ್ದರು. ಎರಡೇ ವರ್ಷದಲ್ಲಿ ಅವಕ್ಕೆ ಚಿಪ್ಪು ಹತ್ತಿ, ಮೀನು ಸೇರಿ, ಸಮುದ್ರವೇ ಕಟ್ಟಿಕೊಂಡ ಬಂಡೆಸಾಲಿನಂತಾಗಿದ್ದವು. ಅವನ್ನು ಪರೀಕ್ಷಿಸಲು ಇಳಿದ ಶ್ರೀಪಾದ ಮೇಲೆ ಬರಲೇ ಇಲ್ಲ. ದೋಣಿಯಲ್ಲಿ ಅವನ ಹಗ್ಗ ಹಿಡಿದು ಕೂತಿದ್ದವನು ದಿವಾಕರ. ಮುಳುಗುವ ಕೆಲಸಕ್ಕೆಂದು ಕಾರವಾರದಿಂದ ಒಂದೇ ರೈಲಿನಲ್ಲಿ ಬಂದ ಗೆಳೆಯರು.

ಸಿಲಿಂಡರ್ ಕಬ್ಬಿಣದಡಿ ಸಿಕ್ಕಿಕೊಂಡಿತ್ತು, ಎಳೆದರೂ ಬರಲಿಲ್ಲ. ದೇಹವನ್ನು ಇಳಿತದ ಸೆಳೆತ ಒಯ್ದಿರಬೇಕು ಎಂದರು ಎಲ್ಲರೂ.

ಶ್ರೀಪಾದನ ಹೆಂಡತಿ ಸುಲೋಚನಾ ಪ್ರತಿದಿನ ದಡಕ್ಕೆ ಬಂದು ನಿಲ್ಲುತ್ತಿದ್ದಳು. ಅಳುತ್ತಿರಲಿಲ್ಲ.

"ಸರಿಯಾಗಿ ನೋಡಿದಿರಾ ಅಣ್ಣಾ? ಇನ್ನು ಅವರು ಬರೋದು ಸಾಧ್ಯವೇ ಇಲ್ವಾ?"

"ಇಲ್ಲ ತಂಗಿ."

ಅವಳು ಸೆರಗು ಎಳೆದುಕೊಂಡಳು. ತೋಳಿನ ಮೇಲೆ ಸಾಲಾಗಿ, ಬೀಡಿಯ ತುದಿಯಷ್ಟೇ ದುಂಡನೆಯ ಸುಟ್ಟ ಕಲೆಗಳು. ಒಲೆಯ ಮುಂದಿನ ಬದುಕು, ಪಾಪ, ಎಂದುಕೊಂಡ ದಿವಾಕರ.

ಅಂದಿನಿಂದ ಅವನಿಗೆ ನೆಮ್ಮದಿಯಿಲ್ಲ. ಊಟಕ್ಕೆ ಕೂತರೂ ಅಂಗೈಯಲ್ಲಿ ಹಗ್ಗ ಜಗ್ಗಿದಂತಾಗುತ್ತಿತ್ತು. ಒಂಬತ್ತನೆಯ ದಿನ, ರಬ್ಬರ್ ಸಾಮಾನು ತರಲು ಸೂರತ್‌ಗೆ ಹೋದವನು ಮಟಮಟ ಮಧ್ಯಾಹ್ನ ಸ್ಟೇಷನ್ನಿನಲ್ಲಿ ಚಹಾ ಕುಡಿಯುತ್ತಿದ್ದ. ಅಹಮದಾಬಾದಿನ ಕಡೆಗೆ ಹೊರಟ ರೈಲಿನ ಕಿಟಕಿಯಲ್ಲಿ ಶ್ರೀಪಾದ ಕೂತಿದ್ದ. ಗಡ್ಡ ಬಂದಿತ್ತು. ಇವನನ್ನೇ ನೋಡಿದ. ನಗಲಿಲ್ಲ. ಲೋಟ ಕೈಜಾರಿತು.

ಎರಡು ದಿನ ಜ್ವರ. ಸತ್ತವನು ತನ್ನನ್ನು ಹುಡುಕಿಕೊಂಡು ಬಂದಿದ್ದಾನೆ. ಹಗ್ಗ ಹಿಡಿದವನನ್ನು ಬಿಡುತ್ತಾನೆಯೇ?

ಮೂರನೆಯ ದಿನ ಮನಸ್ಸು ಗಟ್ಟಿ ಮಾಡಿ ಮತ್ತೆ ಬಾರ್ಜಿಗೆ ಇಳಿದ. ತಡವಿದ. ಬಾಯಿಗೆ ಗಾಳಿ ತರುವ ರಬ್ಬರ್ ನಳಿಕೆ ಸೀಳಿತ್ತು, ಆದರೆ ಸಿಲಿಂಡರಿನ ಪಟ್ಟಿ ಹರಿದಿರಲಿಲ್ಲ. ಎರಡೂ ಬಕಲ್‌ಗಳನ್ನು ಯಾರೋ ಕೈಯಾರೆ ಬಿಚ್ಚಿದ್ದರು.

ಸತ್ತವರು ಬಕಲ್ ಬಿಚ್ಚುವುದಿಲ್ಲ.

ಒದ್ದೆ ತಲೆಯಲ್ಲೇ ಕ್ವಾರ್ಟರ್ಸಿಗೆ ಓಡಿದ. ಸುಲೋಚನಾ ವಡೋದರದ ಅಕ್ಕನ ಮನೆಗೆ ಹೊರಡಲು ಟ್ರಂಕು ತುಂಬುತ್ತಿದ್ದಳು.

"ತಂಗಿ, ಶ್ರೀಪಾದ ಬದುಕಿದ್ದಾನೆ! ಈ ಕಣ್ಣಾರೆ ನೋಡಿದೆ. ಯಾಕೋ ಹೆದರಿ ಓಡಿಹೋಗಿದ್ದಾನೆ. ನಾನೇ ಹುಡುಕಿ ಮನೆಗೆ ಕರ್ಕೊಂಡು ಬರ್ತೀನಿ."

ಅವಳು ಟ್ರಂಕು ಬಿಟ್ಟು ಎದ್ದಳು. ಹೋಗಿ ಬಾಗಿಲ ಚಿಲಕ ಹಾಕಿದಳು. ಆಮೇಲೆ ಕಿಟಕಿ ಮುಚ್ಚಿದಳು.

"ಹಿತ್ತಲಲ್ಲಿ ಒಣಗಲು ಹಾಕಿದ್ದ ಆ ಗಾಳಿ ನಳಿಕೆಯನ್ನ ಅರ್ಧ ಕುಯ್ದಿಟ್ಟವಳು ನಾನು, ಅಣ್ಣಾ. ಅದು ಈಗ ಅವರಿಗೆ ಗೊತ್ತು."