ತಿರುಗಿ ಬಂದ ಅರ್ಧ ರೊಟ್ಟಿ

ರೇವವ್ವನ ಡಬ್ಬಿಯಲ್ಲಿ ಇವತ್ತೂ ಅರ್ಧ ರೊಟ್ಟಿ ಉಳಿದಿತ್ತು. ಬೆಳಿಗ್ಗೆ ನಲ್ಲಿಯ ಹತ್ತಿರ ಕೂತು ಡಬ್ಬಿಗಳನ್ನು ತಿಕ್ಕುತ್ತಿದ್ದ ಸುನಂದಾ ಅದನ್ನೆತ್ತಿ ನಾಯಿಗೆ ಎಸೆದಳು. ಝಳಕಿ ಊರಿನ ಸಮಿತಿಯವರು ಒಲೆ ಹಚ್ಚಲಾರದ ಮುದುಕರಿಗೆ ದಿನಾ ಮಧ್ಯಾಹ್ನ ಒಂದೊಂದು ಡಬ್ಬಿ ಊಟ ಕಳಿಸುತ್ತಿದ್ದರು. ತುಂಬಿದ ಡಬ್ಬಿ ಕೊಟ್ಟು ನಿನ್ನೆಯದನ್ನು ತರುವುದು, ತಂದದ್ದನ್ನು ತಿಕ್ಕಿಡುವುದು ಸುನಂದಾಳ ಕೆಲಸ.

"ರೇವವ್ವ ಆಯಿಗೆ ಊಟ ಹೆಚ್ಚಾಗಾಕತ್ತೈತ್ರಿ ಸರ," ಎಂದಳು, ಅಲ್ಲೇ ನಿಂತಿದ್ದ ಬಸವಂತರಾಯ ಮಾಸ್ತರರಿಗೆ. "ದಿನಾ ಅರ್ಧ ರೊಟ್ಟಿ ಹೊಳ್ಳಿ ಬರ್ತೈತಿ." ರೊಟ್ಟಿ ಹಾಳಾಗುವುದನ್ನು ನೋಡಲಾರದೆ ಆಡಿದ ಮಾತು, ಅಷ್ಟೆ. ಕೆಟ್ಟದ್ದೇನೂ ಅವಳ ಮನಸ್ಸಿನಲ್ಲಿರಲಿಲ್ಲ.

ಸಮಿತಿ ನಡೆಸುತ್ತಿದ್ದ ಮಾಸ್ತರರ ತಲೆಯಲ್ಲಿ ಪಂಚರ್ ಅಂಗಡಿಯ ಯಾಸೀನ ಕೂತಿದ್ದ. ಹೆದ್ದಾರಿಯಲ್ಲಿ ಲಾರಿ ತಾಗಿ ಸೊಂಟ ಮುರಿದು ಮಲಗಿದ್ದ ಮುದುಕ. ಊಟಕ್ಕೆ ಹೇಳಿಕಳಿಸಿ ಬಹಳ ದಿನವಾಗಿತ್ತು. ಇನ್ನೊಂದು ಡಬ್ಬಿ ತುಂಬುವ ಶಕ್ತಿ ಸಮಿತಿಗಿರಲಿಲ್ಲ. "ಅಂದ್ರ ಆಕೀಗೆ ಊಟ ಬ್ಯಾರೆ ಎಲ್ಲಿಂದರೆ ಬರ್ತಿರಬೇಕು," ಎಂದರು ಮಾಸ್ತರರು. "ಹಸದಾಕಿ ರೊಟ್ಟಿ ಬಿಡ್ತಾಳೇನು? ನಾಳಿಂದ ಆ ಡಬ್ಬಿ ಯಾಸೀನಗ ಹೋಗಲಿ." ನ್ಯಾಯದ ಮಾತೇ. ಸುನಂದಾಗೂ ಹಾಗೇ ಅನಿಸಿತು.

ಅಂದು ಮಧ್ಯಾಹ್ನ ರೇವವ್ವನ ಪಾಲಿನ ಕಡೆಯ ಡಬ್ಬಿ ಹಿಡಿದು ಅವಳು ಹೋದಾಗ ಮುದುಕಿ ಹೊಸ್ತಿಲಲ್ಲೇ ಕೂತು ದಾರಿ ಕಾಯುತ್ತಿದ್ದಳು. ಕೈ ನಡುಗಿ ಒಮ್ಮೆ ಸೆರಗಿಗೆ ಬೆಂಕಿ ಹತ್ತಿದಂದಿನಿಂದ ಅವಳ ಒಲೆ ತಣ್ಣಗಿತ್ತು. ರೇಷನ್ ಅಂಗಡಿಯ ಯಂತ್ರ ಅವಳ ಸವೆದ ಹೆಬ್ಬೆರಳನ್ನು ಒಪ್ಪುತ್ತಿರಲಿಲ್ಲ. ಅರ್ಧ ರೊಟ್ಟಿಯಿದ್ದ ನಿನ್ನೆಯ ಡಬ್ಬಿಯನ್ನು ಮುಂದೆ ಸರಿಸಿ, ಇವತ್ತಿನದನ್ನು ಕಸಿದುಕೊಂಡವಳಂತೆ ತೆಗೆದುಕೊಂಡಳು. ರೊಟ್ಟಿ ಮುರಿದು ಅರ್ಧವನ್ನು ಅರಿವೆಯಲ್ಲಿ ಸುತ್ತಿಟ್ಟು, ಉಳಿದ ಅರ್ಧವನ್ನು ಗಬಗಬ ತಿಂದಳು. ಬೆರಳಿಗಂಟಿದ ಬೇಳೆಯನ್ನೂ ಬಿಡಲಿಲ್ಲ. ಹೊಟ್ಟೆ ತುಂಬಿದವರು ಹೀಗೆ ಉಣ್ಣುವುದಿಲ್ಲ.

"ಆಯಿ, ಆ ಅರ್ಧ ಯಾಕ ತಗದಿಟ್ಟಿ?"

"ನಾಳೆ ಡಬ್ಬ್ಯಾಗ ಹಾಕಾಕ."

"ನಿನಗ ಹಸಿವಿಲ್ಲೇನು?"

"ಹಸಿವ್ಯಾಕಿಲ್ಲ?" ರೇವವ್ವ ಇಂಥ ತಿಳಿಗೇಡಿಯನ್ನು ಕಂಡೇ ಇಲ್ಲವೆಂಬಂತೆ ನೋಡಿದಳು. "ಮಂದಿ ಮನಿ ಡಬ್ಬಿ ಖಾಲಿ ಕಳಸಬಾರದಲ್ಲಬೇ. ನಮ್ಮವ್ವ ಒಂದು ಹಿಡಿ ಜೋಳನರೆ, ಒಂದು ಉಳ್ಳಾಗಡ್ಡಿನರೆ ಹಾಕೇ ಕಳಸ್ತಿದ್ಲು. ನನ್ನ ಮನ್ಯಾಗ ಮತ್ತೇನೈತಿ? ಇದನ್ನ ಹಾಕ್ತೇನಿ."

ನೆರೆಮನೆಯಿಂದ ಮಜ್ಜಿಗೆ ಬಂದರೆ ಸುನಂದಾ ಕೂಡ ಆ ಚರಿಗೆಯಲ್ಲಿ ಚಿಟಿಕೆ ಸಕ್ಕರೆಯಾದರೂ ಹಾಕಿಯೇ ತಿರುಗಿ ಕೊಡುವವಳು. ಸಮಿತಿಯ ಡಬ್ಬಿಗೂ ಯಾರಾದರೂ ಆ ಮರ್ಯಾದೆ ಕೊಟ್ಟಾರು ಎಂದು ಅವಳಿಗೆ ಹೊಳೆದೇ ಇರಲಿಲ್ಲ. "ಇವತ್ತ ಎರಡೂ ತಿನ್ನು ಆಯಿ. ನಿನ್ನೀದೂ ತಿನ್ನು, ಇವತ್ತಿಂದೂ ತಿನ್ನು. ಡಬ್ಬಿ ಖಾಲಿ ಮಾಡಿ ನನ್ನ ಕೈಯಾಗ ಕೊಡು," ಎಂದು ಗೋಗರೆದಳು. ಯಾಕೆಂದು ಮಾತ್ರ ಹೇಳಲಿಲ್ಲ. ನಿನ್ನ ತುತ್ತು ಕಳೆದವಳು ನಾನೇ ಎಂದು ಯಾವ ಬಾಯಿಂದ ಹೇಳುವುದು? ಮುದುಕಿ ಒಲ್ಲೆನೆಂದಳು, ಬೈದಳು, ಕಡೆಗೆ ತಿಂದಳು. ಖಾಲಿ ಡಬ್ಬಿ ಕೊಡುವಾಗ ಮುಖ ಗೋಡೆಯ ಕಡೆ ತಿರುಗಿಸಿಕೊಂಡಿದ್ದಳು.

ಸುನಂದಾ ಖಾಲಿ ಡಬ್ಬಿಯನ್ನು ಮಾಸ್ತರರಿಗೆ ತೋರಿಸಲು ಓಡಿದಳು. ಅಷ್ಟರಲ್ಲಿ ಮಾಸ್ತರರು ಯಾಸೀನನ ಮನೆಗೆ ಹೋಗಿ ಸುದ್ದಿ ಹೇಳಿ ಬಂದಿದ್ದರು. ಅವಳ ಮಾತೆಲ್ಲ ಕೇಳಿ, ಕನ್ನಡಕ ತೆಗೆದು, ಬಹಳ ಹೊತ್ತು ಒರೆಸಿದರು. "ಆ ಮನಷ್ಯಾ ಮಲಕೊಂಡಲ್ಲೇ ಕೈ ಮುಗದು ಅತ್ತ, ತಂಗಿ. ಈಗ ಅವನ ಬಾಯಾಗಿಂದ ಹೆಂಗ ಕಸ್ಕೊಳ್ಳಲಿ? ನೀನ ಹೇಳು."

ಎರಡು ದಿನ ಸುನಂದಾ ತನ್ನ ಮನೆಯ ರೊಟ್ಟಿಯನ್ನು ಮುಚ್ಚಿಕೊಂಡು ಒಯ್ದು, ರೇವವ್ವನ ಹೊಸ್ತಿಲಲ್ಲಿಟ್ಟು, ಮಾತಾಡದೆ ಬಂದಳು. ಮೂರನೆಯ ದಿನ, ರೊಟ್ಟಿ ಕಡಿಮೆಯಾಗುವುದನ್ನು ಕಂಡ ಅವಳ ಅತ್ತೆ ರೊಟ್ಟಿಯ ಬುಟ್ಟಿಯನ್ನು ತನ್ನ ಹಾಸಿಗೆಯ ಪಕ್ಕಕ್ಕೆ ಎಳೆದುಕೊಂಡಳು. ಆಮೇಲೆ ಸುನಂದಾ ಆ ಓಣಿಯನ್ನೇ ಬಿಟ್ಟು, ಹಿಂದಿನ ಸಂದಿಯಿಂದ ಯಾಸೀನನ ಮನೆಗೆ ಹೋಗಿ ಬರತೊಡಗಿದಳು. ಮುದುಕಿಗೆ ಮುಖ ತೋರಿಸುವ ಧೈರ್ಯ ಅವಳಿಗಿರಲಿಲ್ಲ.

ಒಂದು ಮಧ್ಯಾಹ್ನ ಯಾಸೀನನ ಖಾಲಿ ಡಬ್ಬಿ ಹಿಡಿದು ಬರುವಾಗ, ಆ ಸಂದಿಯ ಬಾಯಲ್ಲೇ ರೇವವ್ವ ಗೋಡೆ ಹಿಡಿದು ನಿಂತಿದ್ದಳು. ಮುಖ ಬತ್ತಿ ಇಷ್ಟೇ ಆಗಿತ್ತು. ಬೈದಿದ್ದರೂ ಸುನಂದಾ ತಡೆದುಕೊಳ್ಳುತ್ತಿದ್ದಳು. ಮುದುಕಿ ಬೈಯಲಿಲ್ಲ.

"ಅವತ್ತ ನಿನ್ನ ಮಾತ ಕೇಳಿ ಡಬ್ಬಿ ಖಾಲಿ ಕೊಟ್ಟೆನಲ್ಲ," ಎಂದಳು ಮೆಲ್ಲಗೆ. "ಅದಕ್ಕ ಅವರು ಸಿಟ್ಟಾಗಿ ನಿಲ್ಲಿಸಿದ್ರು. ಅವರದೇನೂ ತಪ್ಪಿಲ್ಲ. ತಪ್ಪು ನಂದ."

ನಡುಗುವ ಬೆರಳುಗಳಿಂದ ಸೆರಗಿನ ಗಂಟು ಬಿಚ್ಚಿದಳು. ಒಂದು ಹಿಡಿ ಜೋಳ. ರೇಷನ್ ಅಂಗಡಿಯ ಮುಂದೆ ಚೆಲ್ಲಿದ್ದನ್ನು ಆರಿಸಿದ್ದಿರಬೇಕು, ಅರ್ಧ ಮಣ್ಣೇ ಇತ್ತು. ಸುನಂದಾಳ ಕೈಯಲ್ಲಿದ್ದ ಡಬ್ಬಿಯ ಮುಚ್ಚಳ ತೆಗೆದು, ಒಂದು ಕಾಳೂ ಕೆಳಗೆ ಬೀಳದಂತೆ ಸುರಿದು, ಅಂಗೈಯಿಂದ ಒತ್ತಿ ಮುಚ್ಚಿದಳು.

"ರೇವವ್ವ ಖಾಲಿ ಕಳಿಸಿಲ್ಲಂತ ಹೇಳು ಅವರಿಗೆ. ನಾಳೆ ತರ್ತಿ ಹೌದಿಲ್ಲೋ?"