ಮಡಚುವ ಲ್ಯಾಪ್‌ಟಾಪ್

ಕಸೂತಿಯ ವಿನ್ಯಾಸ ಬರೆಯಲೆಂದು ವಿಶಾಲಾಕ್ಷಿ ಆಸೆಪಟ್ಟು ಕೊಂಡ ಲ್ಯಾಪ್‌ಟಾಪಿಗೆ ಅವಳ ಯಜಮಾನರು ಅಂಗಡಿಯಲ್ಲೇ ಹುಳುಕು ಹುಡುಕಿದ್ದರು. "ತೂಕ ಜಾಸ್ತಿ. ಹೀಗೆ ಹಿಂದಕ್ಕೆ ಮಡಚಿದರೆ ಕೀಲು ಎಷ್ಟು ದಿನ ಬಾಳುತ್ತೆ? ಮುಟ್ಟಿದಲ್ಲೆಲ್ಲ ಬೆರಳಿನ ಗುರುತು ಬೇರೆ!"

ಮನೆಗೆ ಬಂದದ್ದೇ ತಡ, ಅದನ್ನು ಗುಡಾರದಂತೆ ನಿಲ್ಲಿಸಿಕೊಂಡು ಚಕ್ಕುಲಿ ತಿನ್ನುತ್ತ ಕ್ರಿಕೆಟ್ ನೋಡತೊಡಗಿದರು. ಆ ಎಣ್ಣೆಗೈಯಲ್ಲೇ ಪರದೆ ಒತ್ತುವುದು. ವಿಶಾಲಾಕ್ಷಿ ಅದರಲ್ಲಿ ಬರೆಯುತ್ತಿದ್ದ ಕಸೂತಿಯ ಗೋಪುರ, ನವಿಲು ಅರ್ಧಕ್ಕೇ ನಿಂತವು.

ಒಂದು ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆಯಲೇ ಇಲ್ಲ.

"ಪಾಸ್‌ವರ್ಡ್ ಇಟ್ಟಿದ್ದೀಯೇನೇ?"

"ಹೂಂ. ನೀವೇ ಕಂಡುಹಿಡೀರಿ, ನೋಡೋಣ."

ಅವಳ ಹೆಸರು, ಮಗಳ ಹೆಸರು, ಮನೆದೇವರ ಹೆಸರು ಎಲ್ಲ ಒತ್ತಿ ಸೋತರು. "ಸಾಕು ಆಟ, ಬಾಯಿಬಿಟ್ಟು ಹೇಳೇ!"

"ಹೇಗೆ ಹೇಳಲಿ? ಗಂಡನ ಹೆಸರು ಬಾಯಲ್ಲಿ ಬರಬಾರದು ಅಂತ ನಿಮ್ಮಮ್ಮನೇ ಕಲಿಸಿದ್ದಲ್ವಾ?"