ಭಾಗವಾಗದ ಅಪ್ಪ

ಗದಗಿನ ನೆನಪಿನ ಕಚೇರಿಯಲ್ಲಿ ನೀಲಗಂಗಾ ತನ್ನ ತಮ್ಮ ಶಿವಪುತ್ರನ ಪಕ್ಕ ಕೂತಿದ್ದಳು. ಹುಟ್ಟುವಾಗ ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಸಿಗುತ್ತದೆ; ಅದು ಹೇಗೆ ಭಾಗವಾಗುತ್ತದೋ, ಸತ್ತ ಮೇಲೆ ಮನುಷ್ಯನ ನೆನಪೂ ಹಾಗೆಯೇ ಮಕ್ಕಳಿಗೆ ಪಾಲಾಗುತ್ತದೆ. ಅವ್ವನದು ಸಮಸಂಖ್ಯೆ, ಅವಳ ನೆನಪು ಅರ್ಧರ್ಧ ಇಬ್ಬರಿಗೂ ದಕ್ಕಿತ್ತು. ಅಪ್ಪ ತೀರಿಕೊಂಡದ್ದು ಕಳೆದ ವಾರ.

ಅಧಿಕಾರಿ ಕನ್ನಡಕ ತೆಗೆದು ಮೆಲ್ಲಗೆ ಹೇಳಿದರು: "ನಿಮ್ಮ ತಂದೀದು ನೂರು ಕೋಟಿ ಏಳು ರೀ. ಅವಿಭಾಜ್ಯ ಸಂಖ್ಯೆ. ಎರಡು ಪಾಲು ಮಾಡಾಕ ಬರೂದಿಲ್ಲ. ನಿಮ್ಮೊಳಗ ಒಬ್ಬರು ಪೂರ್ತಿ ತಗೋಬೇಕು."

ಶಿವಪುತ್ರ ತಲೆ ತಗ್ಗಿಸಿದ. ಅಪ್ಪನೊಡನೆ ಜಗಳವಾಡಿ ಮನೆ ಬಿಟ್ಟವನು ಮತ್ತೆ ಬಂದದ್ದು ಅಪ್ಪನ ಮಣ್ಣಿಗೇ. "ನೀನ ತಗೋ ಅಕ್ಕಾ. ಅಪ್ಪನ್ನ ನೋಡಿಕೊಂಡಾಕಿ ನೀನು."

ಹೌದು, ಅಪ್ಪನನ್ನು ಕೊನೆತನಕ ಎತ್ತಿ ಕೂರಿಸಿದ್ದು, ಮೀಯಿಸಿದ್ದು ಅವಳೇ. ಆ ನೆನಪು ತನಗೇ ಬೇಕೆಂಬ ಆಸೆ ಅವಳಿಗಿತ್ತು. ಆದರೂ ತಮ್ಮನ ಮುಖ ನೋಡಿ, "ನನ್ನ ಹತ್ರ ಅಪ್ಪನ ನೆನಪು ನನ್ನವ ಅದಾವ. ನಿನ್ನ ಹತ್ರ ಆ ಜಗಳ ಬಿಟ್ಟರ ಏನೈತಿ? ಹೋಗು," ಎಂದು ನೆನಪು ಕೊಡುವ ಕೋಣೆಯೊಳಗೆ ಅವನನ್ನೇ ಕಳಿಸಿದಳು.

ಬಹಳ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ಶಿವಪುತ್ರನ ಮುಖ ಅತ್ತು ಬಾತಿತ್ತು. ಅಕ್ಕನ ಕಾಲ ಬಳಿ ನೆಲದ ಮೇಲೆಯೇ ಕುಸಿದು ಕೂತ.

"ಅಕ್ಕಾ, ಗಂಜಿಗೆ ಉಪ್ಪಿಲ್ಲ ಅಂತ ಅಪ್ಪ ದಿನಾ ನಿನಗ ಬೈತಿದ್ದನಲ್ಲ…"

"ಹೂಂ. ಬೈತಿದ್ದ."

"ಉಪ್ಪು ಸರೀನ ಇರತಿತ್ತು. ನೀ ತಿರುಗಿ ಬಂದು ಇನ್ನೊಂದು ಗಳಿಗಿ ಬಾಜೂಕ ಕೂಡಲಿ ಅಂತ ಹಂಗ ಅಂತಿದ್ದ."

ನೀಲಗಂಗಾ ಸೆರಗನ್ನು ಬಾಯಿಗೊತ್ತಿಕೊಂಡು ಬಹಳ ಹೊತ್ತು ಅತ್ತಳು. ಆಮೇಲೆ ತಮ್ಮನ ತಲೆಯ ಮೇಲೆ ಕೈಯಿಟ್ಟು, "ಇನ್ನೂ ಹೇಳು," ಎಂದಳು.